ಮಿತಿಯೊಳಗೇ ತಪ್ಪಿದ ಲೆಕ್ಕ: ಅಂಟಾರ್ಕ್ಟಿಕದ ಕ್ರಿಲ್ ಪ್ರಕರಣ, 2025

2025ರ ಆಗಸ್ಟ್ ತಿಂಗಳ ಆರಂಭ. ಕಾರವಾರದ ಬೈತಖೋಲ ಬಂದರಿನಲ್ಲಿ ಅರವತ್ತೊಂದು ದಿನಗಳ ನಿಷೇಧ ಮುಗಿದು ಬೋಟುಗಳಿಗೆ ಡೀಸೆಲ್, ಐಸ್ ಏರುತ್ತಿದ್ದ ಹೊತ್ತು. ಅದೇ ಹೊತ್ತಿಗೆ ಅಂಟಾರ್ಕ್ಟಿಕ ಪರ್ಯಾಯ ದ್ವೀಪದ ಸುತ್ತ ಸಿಗಡಿಯಂಥ ಪುಟ್ಟ ಜೀವಿ ಕ್ರಿಲ್ಲನ್ನು ಹಿಡಿಯುತ್ತಿದ್ದ ಹಡಗುಗಳು ಬಲೆ ಎತ್ತಬೇಕಾಯಿತು. ಅಲ್ಲಿ ಮೀನುಗಾರಿಕೆಯ ವರ್ಷ ಡಿಸೆಂಬರ್ 1ಕ್ಕೆ ಶುರುವಾಗಿ ನವೆಂಬರ್ 30ಕ್ಕೆ ಮುಗಿಯುತ್ತದೆ. ಇನ್ನೂ ಸುಮಾರು ನಾಲ್ಕು ತಿಂಗಳು ಬಾಕಿ ಇರುವಾಗಲೇ ಇಡೀ ವರ್ಷಕ್ಕೆ ಗೊತ್ತುಮಾಡಿದ್ದ 6,20,000 ಟನ್ ತುಂಬಿಹೋಗಿತ್ತು. ಈ ಅಂಕಿ 1991ರಿಂದ ಕಾಗದದ ಮೇಲಿದೆ; ಅದು ತುಂಬಿದ್ದು ಇದೇ ಮೊದಲ ಸಲ.

ಸುದ್ದಿ ಎರಡು ಬಗೆಯಲ್ಲಿ ಓಡಾಡಿತು. ಪೆಂಗ್ವಿನ್ ಮರಿಯ ಫೋಟೊ ಹಾಕಿ ಸಮುದ್ರ ಬರಿದಾಯಿತು ಎಂದವರು ಕೆಲವರು. ಮಿತಿ ಇತ್ತು, ಮಿತಿ ಮುಟ್ಟಿದೊಡನೆ ಬಾಗಿಲು ಹಾಕಿದರು, ವ್ಯವಸ್ಥೆ ಸರಿಯಾಗಿ ಕೆಲಸ ಮಾಡಿದೆ ಎಂದವರು ಇನ್ನು ಕೆಲವರು. ಮೊದಲನೆಯದು ಸುಳ್ಳು. ಎರಡನೆಯದರಲ್ಲಿ ಒಂದೊಂದು ಮಾತೂ ನಿಜ, ಆದರೂ ಅದರಿಂದ ತಲುಪುವ ತೀರ್ಮಾನ ತಪ್ಪು. ಪ್ರಕರಣವಾಗಿ ಓದಲು ಇದನ್ನೇ ಆರಿಸಿಕೊಂಡದ್ದು ಅದಕ್ಕಾಗಿ.

ಸಮುದ್ರ ಕೆಟ್ಟು ಬೋಟುಗಳೆಲ್ಲ ಬಂದರಿನಲ್ಲೇ ಕಟ್ಟಿಕೊಂಡಿದ್ದ ಒಂದು ವಾರ, ಕಾರವಾರದಲ್ಲಿ ಕಡಲ ಜೀವಶಾಸ್ತ್ರ ಓದುವ ಹುಡುಗ ಹುಡುಗಿಯರನ್ನೂ ಬೋಟು ನಡೆಸುವ ನಾಲ್ಕೈದು ತಾಂಡೇಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಈ ಪ್ರಕರಣ ಬಿಡಿಸಿದೆವು. ಮೀನು ಓದುವವರಿಗೆ ಲೆಕ್ಕ ಗೊತ್ತು, ಮೀನು ಹಿಡಿಯುವವರಿಗೆ ಜಾಗ ಗೊತ್ತು. ಈ ಪ್ರಕರಣಕ್ಕೆ ಎರಡೂ ಬೇಕಿತ್ತು.

ಪ್ರಾಣಿ

ಮೊದಲು ಕ್ರಿಲ್ ಎಂದರೆ ಏನೆಂದು ತೋರಿಸಬೇಕಿತ್ತು. ಹಿಂದೊಮ್ಮೆ ದಕ್ಷಿಣಕ್ಕೆ ಹೋಗಿ ಬಂದ ಸ್ನೇಹಿತರೊಬ್ಬರು ಕೊಟ್ಟ ಶೀಶೆ ನಮ್ಮಲ್ಲಿತ್ತು. ಫಾರ್ಮಲಿನ್‌ನಲ್ಲಿ ಇದ್ದೂ ಇದ್ದೂ ಬಣ್ಣ ಬಿಟ್ಟಿದೆ, ಕಪ್ಪು ಕಣ್ಣು ಮಾತ್ರ ಹಾಗೇ ಉಳಿದಿದೆ. ನೋಡಿದರೆ ಸಿಗಡಿಯೇ. ಕೈಬೆರಳಷ್ಟು ಉದ್ದ, ಹೆಚ್ಚೆಂದರೆ ಆರು ಸೆಂಟಿಮೀಟರ್, ಎರಡು ಗ್ರಾಂ ತೂಕ. ಲೆನ್ಸ್ ಹಿಡಿದರೆ ಎದೆಯ ಕಾಲುಗಳ ಮೇಲೆ ಬಾಚಣಿಗೆಯ ಹಲ್ಲಿನಂತೆ ಕೂದಲು. ಆ ಕಾಲುಗಳನ್ನು ಬುಟ್ಟಿಯಂತೆ ಬಿಚ್ಚಿ ಮುಚ್ಚಿ ನೀರಿನಲ್ಲಿನ ಸೂಕ್ಷ್ಮ ಪಾಚಿಯನ್ನು ಸೋಸಿ ತಿನ್ನುತ್ತದೆ. ತಾಂಡೇಲರೊಬ್ಬರು ಶೀಶೆಯನ್ನು ಬೆಳಕಿಗೆ ಹಿಡಿದು, "ಇದಕ್ಕಾಗಿ ಅಷ್ಟು ದೂರ ಹೋಗ್ತಾರಾ ಮಾಸ್ತರ್ರೆ?" ಎಂದರು.

ಹೋಗುತ್ತಾರೆ, ಏಕೆಂದರೆ ಅದು ಒಂಟಿಯಾಗಿ ಇರುವುದಿಲ್ಲ. ಹಿಂಡು ಕಟ್ಟಿದರೆ ಕಿಲೋಮೀಟರ್‌ಗಟ್ಟಲೆ ಉದ್ದ. ಐದರಿಂದ ಏಳು ವರ್ಷ ಬದುಕುವ ಈ ಜೀವಿಯ ಮರಿಗಳು ಮೊದಲ ಚಳಿಗಾಲವನ್ನು ಸಮುದ್ರದ ಹಿಮಗಡ್ಡೆಯ ತಳಕ್ಕೆ ಅಂಟಿದ ಪಾಚಿ ಮೇಯ್ದು ಕಳೆಯುತ್ತವೆ. ಹಿಮ ಕಡಿಮೆಯಾದ ವರ್ಷ ಮರಿಗಳಿಗೆ ಮೇವೂ ಇಲ್ಲ, ಮರೆಯೂ ಇಲ್ಲ. ಅಡೇಲಿ, ಚಿನ್‌ಸ್ಟ್ರಾಪ್, ಜೆಂಟೂ ಪೆಂಗ್ವಿನ್‌ಗಳು, ನೀರುನಾಯಿಯಂತೆ ಕಾಣುವ ತುಪ್ಪಳದ ಸೀಲ್‌ಗಳು, ಹಂಪ್‌ಬ್ಯಾಕ್ ಮತ್ತು ಫಿನ್ ತಿಮಿಂಗಿಲಗಳು ಎಲ್ಲವೂ ಇದರ ಮೇಲೆಯೇ ನಿಂತಿವೆ.

ಮನುಷ್ಯ ಇದನ್ನು ದೊಡ್ಡ ಪ್ರಮಾಣದಲ್ಲಿ ಹಿಡಿಯತೊಡಗಿದ್ದು 1970ರ ದಶಕದಲ್ಲಿ, ಮುಖ್ಯವಾಗಿ ಸೋವಿಯತ್ ಹಡಗುಗಳ ಮೂಲಕ. 1981-82ರಲ್ಲಿ ಹಿಡಿತ ಐದು ಲಕ್ಷ ಟನ್ ದಾಟಿತ್ತು. ಆದರೆ ಅದನ್ನು ಊಟಕ್ಕೆ ಒಗ್ಗಿಸುವುದು ಕಷ್ಟವಾಯಿತು. ಚಿಪ್ಪಿನಲ್ಲಿ ಫ್ಲೋರೈಡ್ ಹೆಚ್ಚು. ಸತ್ತ ಮೇಲೆ ಅದರದೇ ಜೀರ್ಣರಸ ಕೆಲವೇ ಗಂಟೆಗಳಲ್ಲಿ ಮಾಂಸವನ್ನು ಕರಗಿಸಿಬಿಡುತ್ತದೆ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಹಿಡಿತವೂ ಕುಸಿಯಿತು. ಮತ್ತೆ ಏರಿದ್ದು ಬೇರೆ ಕಾರಣಕ್ಕೆ: ಸಾಕಿದ ಸಾಲ್ಮನ್ ಮತ್ತು ಸಿಗಡಿಗೆ ಹಾಕುವ ಮೇವಿಗೆ ಕ್ರಿಲ್ ಹಿಟ್ಟು, ಔಷಧಿ ಅಂಗಡಿಯ ಒಮೆಗಾ-3 ಗುಳಿಗೆಗೆ ಕ್ರಿಲ್ ಎಣ್ಣೆ. ಈಗ ಬಲೆ ಎತ್ತುವ ಗೋಜೂ ಎಷ್ಟೋ ಹಡಗಿನಲ್ಲಿಲ್ಲ. ಬಲೆ ನೀರಲ್ಲೇ ಇರುತ್ತದೆ, ಅದರ ತುದಿಗೆ ಕೊಳವೆ ಜೋಡಿಸಿ ಕ್ರಿಲ್ಲನ್ನು ಪಂಪಿನಿಂದ ಮೇಲಕ್ಕೆ ಎಳೆಯುತ್ತಾರೆ. ನಾರ್ವೆ ಮುಂದೆ; ಚೀನಾ, ದಕ್ಷಿಣ ಕೊರಿಯಾ, ಚಿಲಿ, ಉಕ್ರೇನ್ ಹಡಗುಗಳೂ ಉಂಟು.

ಕಾಗದದ ಮೇಲಿನ ವ್ಯವಸ್ಥೆ

ಇಲ್ಲಿನ ನಿಯಮ ಮಾಡುವುದು ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲಿ ಕಚೇರಿ ಇರುವ ಅಂಟಾರ್ಕ್ಟಿಕ ಕಡಲ ಜೀವಸಂಪತ್ತು ಸಂರಕ್ಷಣಾ ಆಯೋಗ. 1980ರ ಒಪ್ಪಂದ, 1982ರಲ್ಲಿ ಜಾರಿ. ಸದಸ್ಯರು 27, ಭಾರತವೂ 1986ರಿಂದ ಸದಸ್ಯ. ತೀರ್ಮಾನ ಆಗಬೇಕಾದರೆ ಎಲ್ಲರೂ ಒಪ್ಪಬೇಕು. ಒಬ್ಬರು ಬೇಡ ಎಂದರೂ ಮುಗಿಯಿತು.

ಈ ಆಯೋಗದ ವಿಜ್ಞಾನವನ್ನು ಹಗುರವಾಗಿ ನೋಡುವ ಹಾಗಿಲ್ಲ. 2000ದಲ್ಲಿ ನಾಲ್ಕು ದೇಶಗಳ ಹಡಗುಗಳು ಒಟ್ಟಿಗೆ ಸಾಗಿ, ನೀರಿಗೆ ಶಬ್ದ ಕಳಿಸಿ ಮರುದನಿಯಿಂದ ಕ್ರಿಲ್ಲಿನ ಪ್ರಮಾಣ ಅಳೆದವು. ಮೀನಿನ ಗುಂಪನ್ನು ಬಲೆಯಿಂದ ಸುತ್ತುವರಿಯುವ ನಮ್ಮ ಪರ್ಸೀನ್ ಬೋಟಿನವರು ದಿನಾ ನೋಡುವ ಫಿಶ್ ಫೈಂಡರಿನ ತತ್ವವೇ. ಆ ದತ್ತಾಂಶವನ್ನು ಮುಂದೆ ಮರುಲೆಕ್ಕ ಹಾಕಿದಾಗ 48ನೇ ವಲಯದಲ್ಲಿ, ಎಂದರೆ ಪರ್ಯಾಯ ದ್ವೀಪದಿಂದ ದಕ್ಷಿಣ ಸ್ಯಾಂಡ್‌ವಿಚ್ ದ್ವೀಪಗಳ ತನಕ ಹಬ್ಬಿದ ಕಡಲಿನಲ್ಲಿ, 60.3 ದಶಲಕ್ಷ ಟನ್ ಬಂತು. 2019ರಲ್ಲಿ ಮತ್ತೆ ಅಳೆದರು: 62.6 ದಶಲಕ್ಷ. ಎಷ್ಟು ಹಿಡಿಯಬಹುದು ಎಂಬ ಸೂತ್ರದಲ್ಲೂ ಎಚ್ಚರ ಇದೆ. ಹಿಡಿಯದೇ ಬಿಟ್ಟಿದ್ದರೆ ಎಷ್ಟು ಇರುತ್ತಿತ್ತೋ ಅದರ ಶೇ. 75 ಭಾಗ ಸಮುದ್ರದಲ್ಲೇ ಉಳಿಯಬೇಕು, ಏಕೆಂದರೆ ತಿನ್ನುವ ಬಾಯಿಗಳು ಬೇರೆ ಇವೆ. ಮಾಮೂಲಿ ಮೀನಿಗಾದರೆ ಶೇ. 50 ಉಳಿದರೆ ಸಾಕೆನ್ನುವ ಲೆಕ್ಕ. ಹೀಗೆ ಬಂದ ಮಿತಿ ವರ್ಷಕ್ಕೆ 56.1 ಲಕ್ಷ ಟನ್.

ಅಷ್ಟನ್ನು ಹಿಡಿಯಲು ಯಾರಿಗೂ ಬಿಟ್ಟಿಲ್ಲ. ಆ ಮಿತಿಯನ್ನು ಸಣ್ಣ ಸಣ್ಣ ಜಾಗಗಳಿಗೆ ಹೇಗೆ ಹಂಚಬೇಕೆಂದು ತೀರ್ಮಾನವಾಗುವ ತನಕ 6,20,000 ಟನ್ನಿಗೇ ನಿಲ್ಲಬೇಕು ಎಂದು ತಡೆ ಹಾಕಿದರು. ಆ ಅಂಕಿಗೆ ಜೀವಶಾಸ್ತ್ರದ ಆಧಾರವೇನೂ ಇಲ್ಲ. ಒಂದೊಂದು ಉಪವಲಯದಲ್ಲಿ ಹಿಂದೆ ಆಗಿದ್ದ ಅತಿ ಹೆಚ್ಚಿನ ಹಿಡಿತವನ್ನು ಕೂಡಿಸಿ ತೆಗೆದದ್ದು.

2009ರಲ್ಲಿ ಇನ್ನೊಂದು ನಿಯಮ ಸೇರಿತು. 6,20,000 ಟನ್ನನ್ನು ಒಂದೇ ಕಡೆ ಹಿಡಿಯಬಾರದು. ಪರ್ಯಾಯ ದ್ವೀಪದ ಸುತ್ತಲಿನ 48.1ರಲ್ಲಿ ಶೇ. 25, ದಕ್ಷಿಣ ಆರ್ಕ್ನಿಯ 48.2ರಲ್ಲಿ ಶೇ. 45, ದಕ್ಷಿಣ ಜಾರ್ಜಿಯಾದ 48.3ರಲ್ಲಿ ಶೇ. 45, ದಕ್ಷಿಣ ಸ್ಯಾಂಡ್‌ವಿಚ್ ದ್ವೀಪಗಳ 48.4ರಲ್ಲಿ ಶೇ. 15. ಅಂಕೋಲೆಯ ಹುಡುಗಿಯೊಬ್ಬಳು ತಕ್ಷಣ ಕೈ ಎತ್ತಿದಳು: "ಸರ್, ಕೂಡಿದ್ರೆ 130 ಬರ್ತದೆ. ಪ್ರಿಂಟ್ ತಪ್ಪಾ?" ತಪ್ಪಲ್ಲ. ಒಂದೊಂದೂ ಆ ಜಾಗದ ಗರಿಷ್ಠ. ಒಟ್ಟು ಮಾತ್ರ 6,20,000 ದಾಟುವಂತಿಲ್ಲ. ಯಾವ ವರ್ಷ ಹಿಮ ಎಲ್ಲಿ ದಾರಿ ಬಿಡುತ್ತದೋ ಅಲ್ಲಿಗೆ ಹಡಗು ತಿರುಗಿಸಲು ಎಡೆ ಇರಲಿ ಎಂದು ಹಾಗೆ ಬರೆದದ್ದು. ಟನ್ ಲೆಕ್ಕಕ್ಕೆ ಇಳಿಸಿದರೆ ಪರ್ಯಾಯ ದ್ವೀಪದ ಪಾಲು 1,55,000. ಈ ಅಂಕಿ ನೆನಪಿರಲಿ.

ಆದದ್ದೇನು

48.1ರ ಪಾಲು ಹಲವು ವರ್ಷ ಬೇಗನೆ ತುಂಬಿ, ಆ ಭಾಗ ಋತುವಿನ ನಡುವೆಯೇ ಮುಚ್ಚುತ್ತಿತ್ತು. ಹಡಗುಗಳಿಗೆ ಅಲ್ಲಿಯೇ ಹಿಡಿಯಬೇಕೆಂಬ ಒತ್ತಡ ಎಷ್ಟಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ನಿಯಮಕ್ಕೆ ಒಂದು ಅವಧಿ ಇತ್ತು. ಅವಧಿ ಮುಗಿದಾಗಲೆಲ್ಲ ಎಲ್ಲರೂ ಒಪ್ಪಿ ಮುಂದುವರಿಸುತ್ತಿದ್ದರು. 2024ರ ಅಕ್ಟೋಬರಿನಲ್ಲಿ ಹೋಬಾರ್ಟ್ ಸಭೆಗೆ ದೊಡ್ಡ ಕನಸು ಹೊತ್ತು ಬಂದಿದ್ದರು. ಹೊಸ ವಿಜ್ಞಾನದ ಆಧಾರದಲ್ಲಿ ಸಣ್ಣ ಸಣ್ಣ ಘಟಕಗಳಿಗೆ ಬೇರೆಬೇರೆ ಮಿತಿ ಕೊಡುವುದು, ಜೊತೆಗೇ ಪರ್ಯಾಯ ದ್ವೀಪದ ಸುತ್ತ ಸಂರಕ್ಷಿತ ಕಡಲ ಪ್ರದೇಶ ಘೋಷಿಸುವುದು. ಎರಡೂ ಒಂದೇ ಗಂಟು. ಗಂಟು ಬಿಚ್ಚಲಿಲ್ಲ. ಹೊಸದು ಬರಲಿಲ್ಲ, ಹಳೆಯದನ್ನು ಮುಂದುವರಿಸಲೂ ಒಮ್ಮತ ಸಿಗಲಿಲ್ಲ. ಹಂಚಿಕೆಯ ನಿಯಮ ತಾನಾಗಿ ಬಿದ್ದುಹೋಯಿತು. ಒಟ್ಟು ಮಿತಿ ಮಾತ್ರ ನಿಂತಿತು.

ಯಾರೂ ನಿಯಮ ಮುರಿಯಲಿಲ್ಲ ಎಂಬುದನ್ನು ವಿದ್ಯಾರ್ಥಿಗಳಿಗೆ ಎರಡೆರಡು ಸಲ ಹೇಳಬೇಕಾಯಿತು. ಕಳ್ಳ ಬೇಟೆಯ ಕಥೆ ಇಷ್ಟಪಡುವ ವಯಸ್ಸು. ಇಲ್ಲಿ ಕಳ್ಳರಿಲ್ಲ. ಹಡಗಿನಲ್ಲಿ ವೀಕ್ಷಕ ಇದ್ದ, ಹಡಗಿನ ಜಾಗ ಉಪಗ್ರಹದಲ್ಲಿ ಕಾಣುತ್ತಿತ್ತು, ಹಿಡಿತದ ವರದಿ ಹೋಬಾರ್ಟ್ ತಲುಪುತ್ತಿತ್ತು. 48.1ರ ಹಿಡಿತ ಹಳೆಯ 1,55,000ದ ಗೆರೆಯನ್ನು ದಾಟಿ ಹೋದದ್ದು ಎಲ್ಲರ ಕಣ್ಣೆದುರೇ. ಜೂನ್ ಕೊನೆಗೆ ಒಟ್ಟು ಹಿಡಿತ ಐದು ಲಕ್ಷ ಟನ್ ದಾಟಿತ್ತು. ಆಗಸ್ಟ್ ಬಂದಾಗ ಕೋಟಾ ಖಾಲಿ.

ಒಂದು ಶೇಕಡಾ

ಇಲ್ಲಿಗೆ ಲೆಕ್ಕ ಮಾಡಲು ಹೇಳಿದೆ. 62.6 ದಶಲಕ್ಷದಲ್ಲಿ 6.2 ಲಕ್ಷ ಎಷ್ಟು? ಶೇ. 1. ಕೋಣೆಯ ಉದ್ವೇಗ ಇಳಿದದ್ದು ಕಾಣುತ್ತಿತ್ತು. "ಒಂದು ಪರ್ಸೆಂಟ್ ಅಂದ್ರೆ ಎಂತದೂ ಅಲ್ಲ ಅಲ್ಲ ಸರ್?" ಎಂದ ಒಬ್ಬ. ಉದ್ಯಮದವರು ಹೇಳುವುದೂ ಇದೇ ಒಂದು ಶೇಕಡಾ. ಅದರಲ್ಲಿ ಮೋಸವಿಲ್ಲ. ಜಗತ್ತಿನಲ್ಲಿ ಇಷ್ಟು ಕಡಿಮೆ ಪಾಲು ತೆಗೆಯುವ ಮೀನುಗಾರಿಕೆ ಹುಡುಕುವುದೇ ಕಷ್ಟ.

ಲೆಕ್ಕಕ್ಕೆ ತಲೆ ಹಾಕದೆ ಕೂತಿದ್ದ ಹಿರಿಯ ತಾಂಡೇಲರು ಆಗ ಬಾಯಿ ಬಿಟ್ಟರು. "ಇಡೀ ಸಮುದ್ರದಲ್ಲಿ ಅಷ್ಟುಂಟು ಅಂದ್ರಿ. ಹಡಗು ಇಡೀ ಸಮುದ್ರಕ್ಕೆ ಹೋಗ್ತದಾ? ನಾವು ಹೋಗ್ತೇವಾ? ಗುಂಪು ಕಂಡಲ್ಲಿಗೇ ಹೋಗುದು."

ನಕ್ಷೆ ಬಿಚ್ಚಿದೆವು. 48ನೇ ವಲಯ ಲಕ್ಷಗಟ್ಟಲೆ ಚದರ ಕಿಲೋಮೀಟರ್. ಹಡಗುಗಳು ಸೇರುವುದು ಬ್ರಾನ್ಸ್‌ಫೀಲ್ಡ್ ಜಲಸಂಧಿ, ಗರ್ಲಾಶ್ ಜಲಸಂಧಿ, ದಕ್ಷಿಣ ಆರ್ಕ್ನಿಯ ವಾಯವ್ಯಕ್ಕೆ ನೀರಡಿಯಲ್ಲಿರುವ ಕಟ್ಟೆ, ದಕ್ಷಿಣ ಜಾರ್ಜಿಯಾದ ಬಡಗಣ ಕಟ್ಟೆ, ಇಂಥ ಕೆಲವೇ ಜಾಗಗಳಲ್ಲಿ. ಹಿಂಡು ಅಲ್ಲಿ ದಟ್ಟ, ಗಾಳಿಗೆ ಮರೆ ಇದೆ. ಶರತ್ಕಾಲ ಬಂದಂತೆ ಕ್ರಿಲ್ ಕೊಬ್ಬಿ ಎಣ್ಣೆ ಹೆಚ್ಚು ಕೊಡುತ್ತದೆ, ಆಗ ಅದು ದಡದ ಹತ್ತಿರದ ನೀರಿಗೂ ಸರಿಯುತ್ತದೆ. ತಿಮಿಂಗಿಲಗಳು ಸೇರುವುದೂ ಅಲ್ಲೇ. 2022ರ ಜನವರಿಯಲ್ಲಿ ದಕ್ಷಿಣ ಆರ್ಕ್ನಿಯ ಕೊರೊನೇಷನ್ ದ್ವೀಪದ ಬಳಿ ಸುಮಾರು ಸಾವಿರ ಫಿನ್ ತಿಮಿಂಗಿಲಗಳು ಮೇಯುತ್ತಿದ್ದದ್ದನ್ನು ನೋಡಿದ್ದಾರೆ. ಅವುಗಳ ನಡುವೆಯೇ ಕ್ರಿಲ್ ಟ್ರಾಲರ್‌ಗಳು ಬಲೆ ಎಳೆಯುತ್ತಿದ್ದವು. ಅದರ ಹಿಂದಿನ ವರ್ಷ ಮೂರು ಎಳೆಯ ಹಂಪ್‌ಬ್ಯಾಕ್‌ಗಳು ಕ್ರಿಲ್ ಬಲೆಗೆ ಸಿಕ್ಕಿ ಸತ್ತಿದ್ದವು. ಇಪ್ಪತ್ತನೆಯ ಶತಮಾನದಲ್ಲಿ ದಕ್ಷಿಣ ಗೋಳಾರ್ಧದಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ತಿಮಿಂಗಿಲಗಳನ್ನು ಕೊಂದಾಗಿದೆ. ಉಳಿದವು ಈಗ ಒಂದೊಂದಾಗಿ ಹಳೆಯ ಮೇವಿನ ಜಾಗಕ್ಕೆ ಮರಳುತ್ತಿವೆ. 1991ರಲ್ಲಿ ಅಂಕಿ ಬರೆದವರು ನೋಡಿದ ಸಮುದ್ರದಲ್ಲಿ ಇಷ್ಟು ಬಾಯಿ ಇರಲಿಲ್ಲ.

ತಿಮಿಂಗಿಲಕ್ಕೆ ಈಜಿ ಬೇರೆ ಕಡೆ ಹೋಗುವ ಶಕ್ತಿ ಇದೆ. ಗೂಡಿನಲ್ಲಿ ಮರಿ ಇಟ್ಟುಕೊಂಡ ಪೆಂಗ್ವಿನ್‌ಗೆ ಇಲ್ಲ. ತಂದೆ ತಾಯಿಗಳಲ್ಲಿ ಒಂದು ಕಾವಲು ಕೂತರೆ ಇನ್ನೊಂದು ಸಮುದ್ರಕ್ಕೆ ಹೋಗಿ ಹೊಟ್ಟೆ ತುಂಬ ಕ್ರಿಲ್ ತಂದು ಮರಿಗೆ ಕಕ್ಕಬೇಕು. ಹತ್ತಾರು ಕಿಲೋಮೀಟರ್‌ಗಿಂತ ಆಚೆ ಹೋದರೆ ಹೊತ್ತಿಗೆ ಮರಳಲು ಆಗುವುದಿಲ್ಲ. ಇದನ್ನು ಹೇಳಿದ್ದೇ ಹಿರಿಯ ತಾಂಡೇಲರು ಮೇಜು ತಟ್ಟಿದರು: "ಹಾಂಗಾರೆ ಅದು ರಂಪಣಿಯವ್ರ ಹಾಂಗೆ."

ಅವರ ಹೋಲಿಕೆಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ರಂಪಣಿ ಎಂದರೆ ಊರಿಗೆ ಊರೇ ಸೇರಿ ದಡದಿಂದ ಎಳೆಯುವ ಕಿಲೋಮೀಟರ್‌ಗೂ ಉದ್ದದ ಬಲೆ. ಬಂಗಡೆ, ತಾರ್ಲೆಯ ಗುಂಪು ದಡಕ್ಕೆ ಬಂದರೆ ಮಾತ್ರ ಅದಕ್ಕೆ ಕೆಲಸ. 1970ರ ದಶಕದ ನಡುವಿನಲ್ಲಿ ಕರ್ನಾಟಕದ ಕರಾವಳಿಗೆ ಪರ್ಸೀನ್ ಬಂತು. ಬೋಟು ಮುಂದೆ ಹೋಗಿ ಗುಂಪನ್ನು ನೀರಿನಲ್ಲೇ ಸುತ್ತುವರಿಯತೊಡಗಿತು. ರಾಜ್ಯದ ಒಟ್ಟು ಹಿಡಿತ ಆಗ ಇಳಿಯಲಿಲ್ಲ. ಒಟ್ಟು ನೋಡಿದವರಿಗೆ ಏನೂ ತೊಂದರೆ ಕಾಣುತ್ತಲೂ ಇರಲಿಲ್ಲ. ಆದರೆ ದಡದಲ್ಲಿ ಕಾದವರಿಗೆ ಗುಂಪು ಬರುವುದು ನಿಂತಿತು, ದಶಕ ಮುಗಿಯುವಷ್ಟರಲ್ಲಿ ರಂಪಣಿ ಕಸುಬು ಮುರಿಯಿತು. 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ದಡದ ಹತ್ತಿರದ ನೀರನ್ನು ಸಾಂಪ್ರದಾಯಿಕ ದೋಣಿಗಳಿಗೆ ಬಿಡಬೇಕೆಂದದ್ದರ ಹಿಂದೆ ಆ ಕಾಲದ ಜಗಳಗಳಿವೆ. ಆ ಗೆರೆಯನ್ನು ಈಗ ಯಾರು ಎಷ್ಟು ಪಾಲಿಸುತ್ತಾರೆ ಎಂಬ ಮಾತು ಎದ್ದಾಗ ಕೋಣೆಯಲ್ಲಿ ಸ್ವಲ್ಪ ಗಲಾಟೆಯೇ ಆಯಿತು, ಅದು ಬೇರೆ ದಿನದ ಪ್ರಕರಣ.

ಪುರಾವೆ ಎಷ್ಟು ಗಟ್ಟಿ?

ಹೋಲಿಕೆ ಪುರಾವೆಯಾಗುವುದಿಲ್ಲ. ಪರ್ಯಾಯ ದ್ವೀಪದ ಬಳಿಯ ಕಿಂಗ್ ಜಾರ್ಜ್ ಮತ್ತು ಲಿವಿಂಗ್‌ಸ್ಟನ್ ದ್ವೀಪಗಳ ಪೆಂಗ್ವಿನ್ ನೆಲೆಗಳಲ್ಲಿ ಮೂರು ದಶಕಗಳ ದತ್ತಾಂಶ ಇದೆ: ಮರಿಯ ತೂಕ, ಬದುಕಿದ ಮರಿಗಳ ಸಂಖ್ಯೆ, ಮೇವಿಗೆ ಹೋದ ಹೊತ್ತು. ಅದನ್ನು ಹಿಡಿತದ ಲೆಕ್ಕದ ಪಕ್ಕ ಇಟ್ಟು ನೋಡಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಆಯಾ ಜಾಗದ ಕ್ರಿಲ್ಲಿನಲ್ಲಿ ಹತ್ತನೇ ಒಂದು ಪಾಲು ಅಥವಾ ಅದಕ್ಕಿಂತ ಹೆಚ್ಚು ಹಿಡಿದ ಕಾಲಗಳಲ್ಲಿ ಪೆಂಗ್ವಿನ್‌ಗಳ ಸಾಧನೆ ಕುಸಿದಿತ್ತು. ಹವಾಮಾನ ಕೆಟ್ಟ ವರ್ಷದಲ್ಲಿ ಆಗುವ ಹೊಡೆತದಷ್ಟೇ ಹೊಡೆತ. ಇಡೀ ವಲಯಕ್ಕೆ ಹಿಡಿತ ಒಂದು ಶೇಕಡಾ ಆಸುಪಾಸಿನಲ್ಲೇ ಇರುವಾಗಲೂ ಒಂದು ಕೊಲ್ಲಿಯ ಮಟ್ಟಿಗೆ ಅದು ಹತ್ತು ದಾಟಬಲ್ಲದು.

ಇದರ ವಿಧಾನದ ಬಗ್ಗೆ ತಕರಾರು ಎತ್ತಿದ ವಿಜ್ಞಾನಿಗಳೂ ಇದ್ದಾರೆ. ಕ್ರಿಲ್ ಪ್ರವಾಹದ ಜೊತೆ ತೇಲುತ್ತದೆ, ಇಂದು ತೆಗೆದ ಜಾಗಕ್ಕೆ ನಾಳೆ ಬೇರೆ ಕಡೆಯದು ಬಂದೀತು ಎಂಬುದು ಹಗುರವಾದ ವಾದವಲ್ಲ. ಎಲ್ಲವನ್ನೂ ಬಲೆಯ ತಲೆಗೆ ಕಟ್ಟುವುದೂ ಸರಿಯಲ್ಲ. ಎಲಿಫೆಂಟ್ ದ್ವೀಪದಲ್ಲಿ 1971ರ ಎಣಿಕೆಗೆ ಹೋಲಿಸಿದರೆ 2020ರಲ್ಲಿ ಚಿನ್‌ಸ್ಟ್ರಾಪ್ ಜೋಡಿಗಳು ಅರ್ಧಕ್ಕಿಂತ ಕಡಿಮೆ ಇದ್ದವು. ಅಷ್ಟು ದೊಡ್ಡ ಇಳಿಕೆಯಲ್ಲಿ ಬಿಸಿಯೇರಿದ ನೀರು, ಕಡಿಮೆಯಾದ ಹಿಮದ ಪಾಲೇ ಹೆಚ್ಚು. 2022ರಲ್ಲಿ ಬೆಲ್ಲಿಂಗ್ಸ್‌ಹೌಸೆನ್ ಸಮುದ್ರದ ಐದು ಎಂಪರರ್ ಪೆಂಗ್ವಿನ್ ನೆಲೆಗಳಲ್ಲಿ ನಾಲ್ಕರ ಮರಿಗಳು ಕಾಲಡಿಯ ಹಿಮ ಒಡೆದು ಸತ್ತವು. ಅದಕ್ಕೂ ಬಲೆಗೂ ಸಂಬಂಧವಿಲ್ಲ. ಇನ್ನೂ ಒಂದು ಮಾತು ಉದ್ಯಮದ ಪರವಾಗಿ: ಗೂಡುಕಟ್ಟುವ ಕಾಲದಲ್ಲಿ ಪೆಂಗ್ವಿನ್ ನೆಲೆಗಳ ಹತ್ತಿರ ಹೋಗುವುದಿಲ್ಲ ಎಂದು 2018ರಲ್ಲಿ ಬಹುಪಾಲು ಕಂಪನಿಗಳು ತಾವಾಗಿ ಒಪ್ಪಿಕೊಂಡಿವೆ.

ಆದರೂ ನನ್ನ ಅಭಿಪ್ರಾಯದಲ್ಲಿ ತೂಕ ಜಾಗದ ನಿಯಮದ ಕಡೆಗೇ ಇದೆ. ಹಿಮ ಕಡಿಮೆಯಾಗುತ್ತಿರುವುದನ್ನು ಆಯೋಗ ತಡೆಯಲಾರದು. ಹಡಗು ಎಲ್ಲಿ ನಿಲ್ಲಬೇಕೆಂದು ಹೇಳಬಲ್ಲದು. ಅದರ ಕೈಯಲ್ಲಿದ್ದ ಒಂದೇ ಹಿಡಿಕೆಯನ್ನು ಅದು ಕಳೆದುಕೊಂಡಿತು, ಅದೂ ಯಾವ ವೈಜ್ಞಾನಿಕ ಕಾರಣಕ್ಕೂ ಅಲ್ಲದೆ, ದಿನಾಂಕ ಮುಗಿದ ಕಾರಣಕ್ಕೆ.

ಭಾರತ ಏನನ್ನಬೇಕು?

ಕೊನೆಯ ಅಭ್ಯಾಸ ಇದು: ಹೋಬಾರ್ಟ್‌ಗೆ ಹೋಗುವ ಭಾರತದ ನಿಯೋಗಕ್ಕೆ ಒಂದು ಪುಟದ ಸೂಚನೆ ಬರೆಯಿರಿ. ಭಾರತ ಕ್ರಿಲ್ ಹಿಡಿಯುವುದಿಲ್ಲ. 1995-96ರಲ್ಲಿ ಸಾಗರ ಸಂಪದ ಹಡಗು ಕ್ರಿಲ್ ಅಧ್ಯಯನಕ್ಕೆಂದು ದಕ್ಷಿಣಕ್ಕೆ ಹೋಗಿ ಬಂದಿತ್ತು. ಧ್ರುವ ಸಂಶೋಧನೆಯ ರಾಷ್ಟ್ರೀಯ ಕೇಂದ್ರ ಇರುವುದು ನಮಗೆ ಹತ್ತಿರದ ವಾಸ್ಕೊದಲ್ಲಿ. 2021ರಲ್ಲಿ ಪೂರ್ವ ಅಂಟಾರ್ಕ್ಟಿಕ ಮತ್ತು ವೆಡೆಲ್ ಸಮುದ್ರದ ಸಂರಕ್ಷಿತ ಪ್ರದೇಶಗಳ ಪ್ರಸ್ತಾವಕ್ಕೆ ಭಾರತ ಬೆಂಬಲ ಸೂಚಿಸಿತು. ಒಮ್ಮತದ ಸಭೆಯಲ್ಲಿ ಹಡಗಿಲ್ಲದವನ ಮಾತಿಗೂ ಹಡಗಿದ್ದವನ ಮಾತಿಗೂ ಒಂದೇ ಬೆಲೆ.

ಒಂದು ಗುಂಪು ಸಂರಕ್ಷಿತ ಪ್ರದೇಶ ಸಿಗುವ ತನಕ ಬೇರೆ ಯಾವುದಕ್ಕೂ ಒಪ್ಪಬೇಡಿ ಎಂದು ಬರೆಯಿತು. ಇನ್ನೊಂದು ಗುಂಪು ಚೌಕಾಶಿಯ ಕಡೆ ವಾಲಿತು: ಪರ್ಯಾಯ ದ್ವೀಪಕ್ಕೆ ಹಳೆಯದರ ನಾಲ್ಕು ಪಟ್ಟಿಗೂ ಹೆಚ್ಚಿನ ಮಿತಿ ಚರ್ಚೆಯಲ್ಲಿತ್ತು, ಸಣ್ಣ ಘಟಕಗಳಿಗೆ ಹಂಚುವುದಾದರೆ ಅದಕ್ಕೂ ಒಪ್ಪಬಹುದು ಎಂದಿತು. ತಾಂಡೇಲರ ಗುಂಪು ಬರೆಯಲಿಲ್ಲ, ಹೇಳಿ ಬರೆಸಿತು: ಮೊದಲು ಹಳೆಯ ಗೆರೆ ಮತ್ತೆ ಎಳೆಯಿರಿ, ಉಳಿದದ್ದು ಆಮೇಲೆ.

"ಗೆರೆ ಇಲ್ಲದಿದ್ರೆ ಲಾಭ ಆಗುವವ್ರು ಗೆರೆ ಎಳೀಲಿಕ್ಕೆ ಯಾಕೆ ಬರ್ತಾರೆ ಮಾಮಾ?" ಎಂದು ಅಂಕೋಲೆಯ ಹುಡುಗಿ ಕೇಳಿದಳು. ಹಿರಿಯರು ತುಸು ಯೋಚಿಸಿ, "ಗೆರೆ ಹೋದ್ರೆ ಒಟ್ಟೂ ಇಳೀಬೇಕು ಮಗಾ. ಹಂಚಿಕೆ ಒಪ್ಪದಿದ್ರೆ ಎಲ್ರಿಗೂ ಅರ್ಧವೇ ಅಂತ ಮೊದ್ಲೇ ಬರ್ದಿಡ್ಬೇಕಿತ್ತು. ಆಗ ಎಲ್ರೂ ಓಡಿ ಬರ್ತಿದ್ರು" ಎಂದರು.

2009ರ ನಿಯಮದಲ್ಲಿ ಅಂಥ ವಾಕ್ಯ ಇರಲಿಲ್ಲ. ಅವಧಿ ಮುಗಿದರೆ ಸಡಿಲವಾಗುವಂತೆ ಅದು ಇತ್ತು, ಬಿಗಿಯಾಗುವಂತೆ ಇರಲಿಲ್ಲ. ಈಗ ಅದನ್ನು ಸೇರಿಸಲೂ ಇಪ್ಪತ್ತೇಳು ಸದಸ್ಯರೂ ಒಪ್ಪಬೇಕು ಎಂದು ನಾನು ನೆನಪಿಸಿದೆ. ಆದರೂ ಮೂರು ಗುಂಪುಗಳ ಪುಟಗಳಲ್ಲೂ ಕೊನೆಗೆ ಆ ಒಂದು ಸಾಲು ಸೇರಿತು: ಮುಂದಿನ ಹಂಚಿಕೆಯ ನಿಯಮವನ್ನು ಯಾವಾಗ ಬರೆದರೂ, ಅದರ ಅವಧಿ ಮುಗಿದ ದಿನವೇ ಒಟ್ಟು ಮಿತಿಯೂ ತಾನಾಗಿ ಇಳಿಯಬೇಕು.